ಬೂಟಿನ ಅಳತೆ, ಹೆಂಡತಿಯ ಸಾಕ್ಷಿ

(ಫಿಲ್ಮ್ ಸೊಸೈಟಿಯೊಂದರಲ್ಲಿ ಸಿನಿಮಾ ಪ್ರದರ್ಶನದ ನಂತರ ಆಡಿದ ಮಾತುಗಳ ಬರಹ ರೂಪ)

ಸ್ನೇಹಿತರೇ, ಒಂದು ಜೊತೆ ಬೂಟಿನಿಂದ ಮಾತು ಶುರು ಮಾಡುತ್ತೇನೆ.

1560ನೇ ಇಸವಿ. ಫ್ರಾನ್ಸಿನ ದಕ್ಷಿಣದಲ್ಲಿ, ಪಿರೆನೀ ಬೆಟ್ಟಗಳ ಕಡೆಯ ಒಂದು ಕೋರ್ಟು. ಹಳ್ಳಿಯ ಮೋಚಿಯೊಬ್ಬ ಸಾಕ್ಷಿ ಹೇಳಲು ಬಂದಿದ್ದಾನೆ. ಅವನು ಹೇಳಿದ್ದು ಬಹಳ ಚಿಕ್ಕ ವಿಷಯ. ಮಾರ್ತಾಂ ಗೆರ್ ಎಂಬ ರೈತನಿಗೆ ತಾನು ಹಿಂದೆ ಬೂಟು ಹೊಲಿದುಕೊಡುತ್ತಿದ್ದೆ, ಅವನ ಕಾಲು ಹನ್ನೆರಡರ ಅಳತೆಯದು. ಈಗ ಮಾರ್ತಾಂ ಗೆರ್ ಎಂದು ಹೇಳಿಕೊಂಡು ಎದುರಿಗೆ ನಿಂತಿರುವವನ ಕಾಲು ಒಂಬತ್ತರದು. ಮನುಷ್ಯನ ಗಡ್ಡ ಬೆಳೆಯಬಹುದು, ಮೈ ತುಂಬಿಕೊಳ್ಳಬಹುದು, ಕಾಲು ಕುಗ್ಗುವುದು ಉಂಟಾ?

ನೀವು ಈಗಷ್ಟೇ ನೋಡಿದ ಸಿನಿಮಾದಲ್ಲೂ ಈ ಮೋಚಿ ಬರುತ್ತಾನೆ. 'ಮಾರ್ತಾಂ ಗೆರ್‌ನ ಮರಳುವಿಕೆ', 1982ರ ಫ್ರೆಂಚ್ ಸಿನಿಮಾ. ನಿರ್ದೇಶಕ ಡೇನಿಯಲ್ ವೀನ್ಯ. ಊರಿಗೆ ಬಂದವನಾಗಿ ಜೆರಾರ್ ದೆಪಾರ್ದ್ಯೂ, ಹೆಂಡತಿ ಬೆರ್ತ್ರಾಂದ್ ಆಗಿ ನತಾಲಿ ಬಾಯ್. ಕಥೆ ಕಟ್ಟಿದ್ದಲ್ಲ, ನಡೆದದ್ದು. ಕೇಸ್ ನಡೆಸಿದ ಜಡ್ಜ್ ಜಾಂ ದ ಕೊರಾಸ್ ಮರುವರ್ಷವೇ, ಅಂದರೆ 1561ರಲ್ಲಿ, ಅದರ ಬಗ್ಗೆ ಪುಸ್ತಕ ಬರೆದು ಲಿಯಾನ್‌ನಲ್ಲಿ ಅಚ್ಚು ಹಾಕಿಸಿದ. ಸುಮಾರು ನಾನೂರ ಅರವತ್ತು ವರ್ಷದ ಹಿಂದಿನ ಒಬ್ಬ ಮೋಚಿಯ ಮಾತು ಇವತ್ತು ನಮ್ಮ ಕಿವಿಗೆ ಬಿದ್ದದ್ದು ಆ ಪುಸ್ತಕದ ದೆಸೆಯಿಂದ.

ನಾನು ಈ ಸಿನಿಮಾವನ್ನು ಮತ್ತೆ ಮತ್ತೆ ನೋಡುವುದಕ್ಕೆ ಕಾರಣ ಇದೇ. ಚರಿತ್ರೆಯ ಸಿನಿಮಾ ಎಂದರೆ ರಾಜರು, ಯುದ್ಧ, ಅರಮನೆ ಎಂದುಕೊಂಡಿರುತ್ತೇವೆ. ಇಲ್ಲಿ ರಾಜ ಎಲ್ಲೋ ದೂರದಲ್ಲಿದ್ದಾನೆ. ಎದುರಿಗಿರುವುದು ರೈತರು, ಅವರ ಗೋಧಿ, ಅವರ ದನ, ಅವರ ಜಗಳ. ಒಬ್ಬ ಮನುಷ್ಯ ತಾನು ಇಂಥವನೇ ಎಂದು ತೋರಿಸುವುದು ಹೇಗೆ ಎಂಬ ದೊಡ್ಡ ಪ್ರಶ್ನೆಯನ್ನು ಈ ಜನ ಬೂಟಿನ ಅಳತೆ, ಪೆಟ್ಟಿಗೆಯಲ್ಲಿಟ್ಟ ಬಟ್ಟೆ, ಬೆಳೆಯ ಲೆಕ್ಕ ಹಿಡಿದುಕೊಂಡು ಬಿಡಿಸಲು ಹೋಗುತ್ತಾರೆ. ನನ್ನ ಪ್ರಕಾರ ಸಿನಿಮಾದ ಜೀವ ಇರುವುದು ಅಲ್ಲಿ.

ಊರಿನ ಹೆಸರು ಆರ್ತಿಗಾ. ಲೆಜ್ ಎಂಬ ನದಿಯ ಪಕ್ಕದ ಬಯಲು. ಆಗ ಅಲ್ಲಿ ಅರವತ್ತು ಎಪ್ಪತ್ತು ಮನೆತನ ಇದ್ದವು ಎಂದು ಚರಿತ್ರೆಕಾರರು ಹೇಳುತ್ತಾರೆ. ಗೋಧಿ, ನವಣೆಯಂಥ ಸಿರಿಧಾನ್ಯ, ಓಟ್ಸ್, ದ್ರಾಕ್ಷಿ. ಜೊತೆಗೆ ಕುರಿ, ಆಡು, ಹಸು. ಈ ಊರಿಗೆ ಒಂದು ವಿಶೇಷ ಇತ್ತು: ಮೇಲೆ ಕೂತು ಆಳುವ ಜಮೀನ್ದಾರ ಇರಲಿಲ್ಲ. ಊರಿನವರೇ ತಮ್ಮೊಳಗಿನ ಕೆಲವರನ್ನು ಆರಿಸಿಕೊಂಡು ಊರಿನ ವ್ಯವಹಾರ ನೋಡುತ್ತಿದ್ದರು. ಯಾರಿಗೂ ತಲೆ ಬಾಗದೆ ಬದುಕಿದ ಜನ. ಸಿನಿಮಾದಲ್ಲಿ ಅವರು ಮಾತಾಡುವ ಗತ್ತು ನೋಡಿದಿರಿ ಅಲ್ವಾ? ಜಡ್ಜ್ ಎದುರೂ ಅವರ ದನಿ ಇಳಿಯುವುದಿಲ್ಲ.

ಗೆರ್ ಮನೆತನ ಈ ಊರಿನದಲ್ಲ. ಅವರು ಬಾಸ್ಕ್ ಜನ, ಫ್ರಾನ್ಸ್-ಸ್ಪೇನ್ ಗಡಿಯ ಕಡೆ ತಮ್ಮದೇ ಭಾಷೆ ಇಟ್ಟುಕೊಂಡವರು. 1527ರಲ್ಲಿ ಅಟ್ಲಾಂಟಿಕ್ ಸಮುದ್ರದ ದಡದ ಆಂದಾಯ್ ಎಂಬಲ್ಲಿಂದ ಇಬ್ಬರು ಅಣ್ಣತಮ್ಮಂದಿರು ಸಂಸಾರ ಕಟ್ಟಿಕೊಂಡು ಬಂದರು. ಪುಟ್ಟ ಮಾರ್ತಾಂ ಆಗ ಎಳೆಗೂಸು. ಬಂದವರು ಹೆಂಚಿನ ಭಟ್ಟಿ ಹಾಕಿದರು, ಜಮೀನು ಮಾಡಿದರು, ಊರಿನ ಭಾಷೆ ಕಲಿತರು. ದಗೆರ್ ಎಂದಿದ್ದ ಹೆಸರನ್ನೂ ಊರಿಗೆ ಹೊಂದುವಂತೆ ಗೆರ್ ಎಂದು ಮಾಡಿಕೊಂಡರು. ಊರಿನ ಒಳ್ಳೆಯ ಮನೆತನದಿಂದ ಹೆಣ್ಣು ತಂದರು. 1538ರಲ್ಲಿ ಮಾರ್ತಾಂಗೂ ಬೆರ್ತ್ರಾಂದ್ ದ ರೋಲ್‌ಗೂ ಮದುವೆ. ಅವನಿಗೆ ಹದಿಮೂರು ಹದಿನಾಲ್ಕು, ಅವಳು ಇನ್ನೂ ಚಿಕ್ಕವಳು. ಬಳುವಳಿಯಲ್ಲಿ ಒಂದು ದ್ರಾಕ್ಷಿ ತೋಟವೂ ಬಂತು. ಆ ತೋಟದ ವಿಷಯ ನೆನಪಿಟ್ಟುಕೊಳ್ಳಿ.

ಮದುವೆಯಾಗಿ ಎಂಟು ವರ್ಷ ಮಕ್ಕಳಿಲ್ಲ. ಗಂಡನಿಂದ ಆಗುತ್ತಿರಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಊರು ನಂಬಿತು. ಹುಡುಗರು ರಾತ್ರಿ ಗುಂಪು ಕಟ್ಟಿಕೊಂಡು ಬಂದು ಅಣಕಿಸಿದರು. ಅವನನ್ನು ಬಿಟ್ಟು ಬೇರೆ ಮದುವೆಯಾಗು ಎಂದು ತವರಿನವರು ಬೆರ್ತ್ರಾಂದ್‌ಗೆ ಒತ್ತಾಯ ಮಾಡಿದರು. ಅದಕ್ಕೆ ಅಲ್ಲಿ ಅವಕಾಶವೂ ಇತ್ತು. ಅವಳು ಒಪ್ಪಲಿಲ್ಲ. ಕೊನೆಗೆ ಒಬ್ಬ ಮುದುಕಿ ಬಂದು ಪರಿಹಾರ ಹೇಳಿದಳಂತೆ. ನಾಲ್ಕು ಪೂಜೆ ಮಾಡಿಸಿದರು, ಪಾದ್ರಿ ಕೊಟ್ಟ ಪ್ರಸಾದವನ್ನೂ ವಿಶೇಷವಾಗಿ ಸುಟ್ಟ ರೊಟ್ಟಿಯನ್ನೂ ತಿನ್ನಿಸಿದರು. ಆಮೇಲೆ ಒಂದು ಗಂಡು ಮಗು ಆಯಿತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಒಂಬತ್ತು ವರ್ಷದ ಹುಡುಗಿಯಾಗಲಿ ಹದಿನೆಂಟರ ಹೆಂಗಸಾಗಲಿ, ಬೆರ್ತ್ರಾಂದ್ ಬೇರೆಯವರು ತಳ್ಳಿದ ಕಡೆ ಹೋಗುವವಳಲ್ಲ. ಮುಂದೆ ಅವಳು ಮಾಡಿದ್ದನ್ನು ತೂಗುವಾಗ ಇದು ಲೆಕ್ಕಕ್ಕೆ ಬರಬೇಕು.

1548ರಲ್ಲಿ ಮಾರ್ತಾಂ ತನ್ನ ಅಪ್ಪನ ಕಣಜದಿಂದ ಸ್ವಲ್ಪ ಕಾಳು ಕದ್ದ. ಕಾಳು ಸ್ವಲ್ಪವೇ. ಆದರೆ ಬಾಸ್ಕ್ ಜನರಲ್ಲಿ ಮನೆಯೊಳಗಿನ ಕಳ್ಳತನಕ್ಕೆ ಕ್ಷಮೆ ಇಲ್ಲ. ಅಪ್ಪನ ಮುಖ ನೋಡಲಾರದೆ ಅವನು ಮನೆ ಬಿಟ್ಟ. ಹೆಂಡತಿಗಾಗಲಿ ಮಗನಿಗಾಗಲಿ ಒಂದು ಮಾತು ಹೇಳಲಿಲ್ಲ. ಎಂಟು ವರ್ಷ ಅವನ ಸುದ್ದಿ ಇಲ್ಲ. ಅಪ್ಪ ಅಮ್ಮ ತೀರಿಕೊಂಡರು. ಸಾಯುವಾಗ ಅಪ್ಪ ಮಗನನ್ನು ಕ್ಷಮಿಸಿ ಅವನನ್ನೇ ವಾರಸುದಾರ ಮಾಡಿದ್ದ. ಆಸ್ತಿ ನೋಡಿಕೊಳ್ಳುವ ಕೆಲಸ ಚಿಕ್ಕಪ್ಪ ಪಿಯೇರ್‌ನ ಕೈಗೆ ಬಂತು. ಹೆಂಡತಿ ಸತ್ತಿದ್ದ ಪಿಯೇರ್, ಬೆರ್ತ್ರಾಂದ್‌ಳ ವಿಧವೆ ತಾಯಿಯನ್ನು ಮದುವೆಯಾದ. ಅಲ್ಲಿಗೆ ಬೆರ್ತ್ರಾಂದ್‌ಳ ಬದುಕು ಪೂರ್ತಿ ಅವನ ಅಂಕೆಗೆ ಸಿಕ್ಕಿತು. ಗಂಡ ಸತ್ತಿದ್ದಾನೆ ಎಂಬ ಖಚಿತ ಸುದ್ದಿ ಇಲ್ಲದೆ ಮರುಮದುವೆಗೆ ಕಾನೂನು ಬಿಡುತ್ತಿರಲಿಲ್ಲ. ಗಂಡನೂ ಇಲ್ಲ, ವಿಧವೆಯೂ ಅಲ್ಲ.

1556ರ ಬೇಸಿಗೆಯಲ್ಲಿ ಅವನು ಬಂದ.

ಊರಿಗೆ ನೇರವಾಗಿ ಬರಲಿಲ್ಲ. ಪಕ್ಕದ ಊರಿನ ಒಂದು ಛತ್ರದಲ್ಲಿ ಇಳಿದುಕೊಂಡು, ತಾನು ಮಾರ್ತಾಂ ಗೆರ್ ಎಂದು ಹೇಳಿಕೊಂಡು, ಹೆಂಡತಿಯ ಹೆಸರು ಬಂದಾಗ ಅತ್ತ. ಸುದ್ದಿ ಹರಡಿತು. ಮೊದಲು ಓಡಿ ಬಂದವರು ಅವನ ತಂಗಿಯರು. ಅವರು ಅವನನ್ನು ತಬ್ಬಿಕೊಂಡರು, ಆಮೇಲೆ ಹೋಗಿ ಬೆರ್ತ್ರಾಂದ್‌ಳನ್ನು ಕರೆತಂದರು. ಅವಳು ಅವನನ್ನು ನೋಡಿ ಹಿಂಜರಿದಳು. ಆಗ ಅವನು, ತಾನು ಊರು ಬಿಡುವ ಮುಂಚೆ ಪೆಟ್ಟಿಗೆಯಲ್ಲಿಟ್ಟಿದ್ದ ಬಿಳಿಯ ಕಾಲುಚೀಲದ ವಿಷಯ ತೆಗೆದ. ಟಾಫೆಟಾ ರೇಷ್ಮೆಯ ಒಳಪದರ ಇದ್ದ ಕಾಲುಚೀಲ. ಆಗ ಅವಳು ಅವನ ಕೊರಳಿಗೆ ಬಿದ್ದಳು.

ಅವನ ನಿಜವಾದ ಹೆಸರು ಆರ್ನೊ ದು ತಿಲ್. ಗಾಸ್ಕನಿ ಕಡೆಯ ಸಾಜಾ ಎಂಬ ಹಳ್ಳಿಯವನು. ಅಡ್ಡಹೆಸರು ಪಾಂಸೆತ್, ಅಂದರೆ ಹೊಟ್ಟೆಬಾಕ. ಕುಡಿತ, ಜೂಜು, ಚುರುಕು ನಾಲಿಗೆ, ಎಲ್ಲಕ್ಕಿಂತ ಮೇಲಾಗಿ ಅದ್ಭುತವಾದ ನೆನಪಿನ ಶಕ್ತಿ. ಸೈನ್ಯದಿಂದ ವಾಪಸ್ ಬರುವಾಗ ಮಾರ್ತಾಂನ ಪರಿಚಯದ ಇಬ್ಬರು ಇವನನ್ನು ಕಂಡು ಮಾರ್ತಾಂ ಎಂದೇ ತಪ್ಪು ತಿಳಿದರು. ಅಲ್ಲಿಂದ ಇವನಿಗೆ ಆ ಯೋಚನೆ ಬಂತು. ಊರಿನವರ ಹೆಸರು, ಸಂಬಂಧ, ಹಳೆಯ ಜಗಳ, ಯಾವ ಹೊಲ ಯಾರದು, ಎಲ್ಲವನ್ನೂ ಒಬ್ಬೊಬ್ಬರಿಂದ ಕೇಳಿ ಕೇಳಿ ತಲೆಗೆ ತುಂಬಿಕೊಂಡ.

ಒಂದು ಕ್ಷಣ ಇದನ್ನು ಯೋಚಿಸಿ. ಆ ಊರಿನಲ್ಲಿ ಫೋಟೊ ಇಲ್ಲ. ಓದು ಬರಹ ಬಲ್ಲವರು ಬೆರಳೆಣಿಕೆಯಷ್ಟು. ಮಾರ್ತಾಂನ ಒಂದು ಸಹಿಯೂ ಇಲ್ಲ. ರೈತರ ಮನೆಗಳಲ್ಲಿ ಕನ್ನಡಿಯೇ ಅಪರೂಪ. ಎಂಟು ವರ್ಷದ ಹಿಂದೆ ನೋಡಿದ ಮುಖವನ್ನು ಜನ ನೆನಪಿನಲ್ಲೇ ಕಾಪಾಡಿಕೊಳ್ಳಬೇಕು. ಹಾಗಾಗಿ ಅವರು ಮನುಷ್ಯನನ್ನು ಗುರುತಿಸುತ್ತಿದ್ದುದು ಅವನಿಗೆ ಏನು ನೆನಪಿದೆ ಎಂಬುದರಿಂದ. 'ನಾವು ಅಲ್ಲಿ ಹೋಗಿದ್ದು ನೆನಪಿದೆಯಾ?' ಅಂತ ಇವನೇ ಎದುರಿನವರನ್ನು ಕೇಳುತ್ತಿದ್ದ. ಕೇಳಿಸಿಕೊಂಡವರಿಗೆ ಸಂದೇಹ ಎಲ್ಲಿ ಉಳಿಯುತ್ತೆ? ತಮ್ಮ ಬಾಲ್ಯವನ್ನು ನೆನಪು ಮಾಡಿಕೊಟ್ಟವನು ತಮ್ಮವನೇ ಇರಬೇಕು. ನನ್ನ ಅಜ್ಜಿ ಒಳಮನೆಯಲ್ಲಿ ಕೂತೇ ಅಂಗಳದ ಹೆಜ್ಜೆ ಸದ್ದಿನಿಂದ ಬಂದವರು ಯಾರು ಎಂದು ಹೇಳುತ್ತಿದ್ದರು. ಅಂಥ ಗುರುತು ಆರ್ತಿಗಾದ ಜನರಿಗೂ ಇದ್ದಿರಬೇಕು. ಆದರೆ ಎಂಟು ವರ್ಷ ಕೇಳದ ಹೆಜ್ಜೆ ಸದ್ದನ್ನು ಯಾವ ಕಿವಿ ತಾನೇ ಇಟ್ಟುಕೊಂಡೀತು?

ಈಗ ಬೆರ್ತ್ರಾಂದ್. ಸಿನಿಮಾ ಮುಗಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಅವಳಿಗೆ ಗೊತ್ತಿತ್ತಾ?

ನನ್ನ ಉತ್ತರ ನೇರವಾಗಿದೆ. ಗೊತ್ತಿತ್ತು. ಮೊದಲ ದಿನ ಇಲ್ಲದಿದ್ದರೂ ಬಹಳ ಬೇಗ ಗೊತ್ತಾಯಿತು. ನತಾಲಿ ಬಾಯ್ ಅವರ ಮುಖ ಇದನ್ನು ಹೇಳುತ್ತದೆ. ಅವರ ಅಭಿನಯದಲ್ಲಿ ಜಾಸ್ತಿ ಮಾತಿಲ್ಲ. ದೆಪಾರ್ದ್ಯೂ ನಗುತ್ತಾರೆ, ಕಥೆ ಹೇಳುತ್ತಾರೆ, ಇಡೀ ಕೋಣೆಯನ್ನು ತುಂಬಿಕೊಳ್ಳುತ್ತಾರೆ. ಬಾಯ್ ಸುಮ್ನೆ ನೋಡುತ್ತಿರುತ್ತಾರೆ. ಆ ನೋಟದಲ್ಲಿ ಒಬ್ಬ ಹೆಂಗಸು ಲೆಕ್ಕ ಹಾಕುತ್ತಿರುವುದು ಕಾಣುತ್ತದೆ: ಹೊಡೆಯದ, ಮಾತಾಡಿಸುವ, ಹೊಲದಲ್ಲಿ ದುಡಿಯುವ, ಮಗನನ್ನು ಎತ್ತಿಕೊಳ್ಳುವ ಈ ಮನುಷ್ಯ ಒಂದು ಕಡೆ. ಮಾತಿಲ್ಲದೆ ಬಿಟ್ಟು ಹೋದವನು ಇನ್ನೊಂದು ಕಡೆ. ಸಿನಿಮಾದಲ್ಲಿ ಅವನು ಅವಳಿಗೆ ಹೆಸರು ಬರೆಯುವುದನ್ನು ಕಲಿಸುತ್ತಾನೆ. ಅವಳ ಪಾಲಿಗೆ ಗಂಡ ಎಂದರೆ ಏನು ಎಂಬುದು ಆ ಒಂದು ದೃಶ್ಯದಲ್ಲೇ ತಿಳಿಯುತ್ತದೆ.

ಈ ಉತ್ತರ ನಾನೊಬ್ಬನೇ ಕೊಡುತ್ತಿರುವುದಲ್ಲ. ಸಿನಿಮಾಕ್ಕೆ ಚರಿತ್ರೆಯ ಸಲಹೆಗಾರರಾಗಿದ್ದವರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾಠ ಮಾಡುತ್ತಿದ್ದ ನಟಾಲಿ ಜೆಮನ್ ಡೇವಿಸ್. ಹದಿನಾರನೇ ಶತಮಾನದ ಫ್ರಾನ್ಸಿನ ಸಾಮಾನ್ಯ ಜನರ ಬದುಕಿನ ಬಗ್ಗೆ ಕೆಲಸ ಮಾಡಿದವರು. ಕೊರಾಸ್‌ನ ಪುಸ್ತಕ ಓದಿದಾಗಲೇ ಇದು ಸಿನಿಮಾ ಆಗಬೇಕು ಅಂತ ಅವರಿಗೆ ಅನ್ನಿಸಿತ್ತು. ಅಷ್ಟರಲ್ಲಿ ವೀನ್ಯ ಮತ್ತು ಚಿತ್ರಕಥೆಗಾರ ಜಾಂ-ಕ್ಲೋದ್ ಕ್ಯಾರಿಯೇರ್ ಇದೇ ಕಥೆ ಹಿಡಿದು ಕೂತಿದ್ದರು. ಮೂವರೂ ಸೇರಿದರು. ಕ್ಯಾರಿಯೇರ್ ಹೆಸರು ನಿಮಗೆ ಗೊತ್ತಿರಬಹುದು. ಇಂಗ್ಲಿಷ್ ರಂಗ ನಿರ್ದೇಶಕ ಪೀಟರ್ ಬ್ರೂಕ್ 1985ರಲ್ಲಿ ಆಡಿಸಿದ ಮಹಾಭಾರತ ನಾಟಕ ಬರೆದವರು ಇವರೇ. ದಕ್ಷಿಣ ಫ್ರಾನ್ಸಿನ ಹಳ್ಳಿಯೊಂದರ ದ್ರಾಕ್ಷಿ ಬೆಳೆಗಾರರ ಮನೆಯ ಮಗ. ಈ ಸಿನಿಮಾದ ಹಳ್ಳಿ ಹೊರಗಿನವರು ನಿಂತು ನೋಡಿದ ಹಳ್ಳಿ ಅನ್ನಿಸದಿರುವುದಕ್ಕೆ ಅದೂ ಒಂದು ಕಾರಣ ಇರಬೇಕು.

ಡೇವಿಸ್ ಸಿನಿಮಾವನ್ನು ಮೆಚ್ಚಿದರು, ಆದರೆ ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಗೆರ್ ಮನೆತನದ ಬಾಸ್ಕ್ ಮೂಲ ಸಿನಿಮಾದಲ್ಲಿ ಇಲ್ಲ. ಆ ಕಾಲದಲ್ಲಿ ಹಳ್ಳಿಗಳಿಗೂ ಹಬ್ಬುತ್ತಿದ್ದ, ಕ್ಯಾಥೊಲಿಕ್ ಚರ್ಚಿನಿಂದ ಸಿಡಿದು ಬಂದ ಪ್ರಾಟೆಸ್ಟಂಟ್ ಧರ್ಮದ ಗಾಳಿ ಇಲ್ಲ. ಬೆರ್ತ್ರಾಂದ್ ಕೋರ್ಟಿನಲ್ಲಿ ಆಡಿದ ಎರಡು ದೋಣಿಯ ಆಟ ಸಿನಿಮಾದಲ್ಲಿ ಮೆತ್ತಗಾಗಿದೆ. ಬಿಟ್ಟುಹೋದದ್ದನ್ನೆಲ್ಲ ಸೇರಿಸಿ ಅವರು 1983ರಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲಿ ಬೆರ್ತ್ರಾಂದ್ ಮೋಸ ಹೋದ ಹೆಣ್ಣಲ್ಲ, ಗೊತ್ತಿದ್ದೂ ಒಪ್ಪಿಕೊಂಡವಳು, ಆರ್ನೊ ಜೊತೆ ಸೇರಿ ಹೊಸ ಸಂಸಾರ ಕಟ್ಟಿದವಳು. 1988ರಲ್ಲಿ ರಾಬರ್ಟ್ ಫಿನ್ಲೆ ಎಂಬ ಚರಿತ್ರೆಕಾರ ಇದನ್ನು ಗಟ್ಟಿಯಾಗಿ ಅಲ್ಲಗಳೆದರು. ದಾಖಲೆಯಲ್ಲಿರುವ ಬೆರ್ತ್ರಾಂದ್ ಮೋಸ ಹೋದವಳೇ, ಉಳಿದದ್ದು ಡೇವಿಸ್ ಅವರ ಕಲ್ಪನೆ ಎಂದು ಅವರ ವಾದ. ಡೇವಿಸ್ ಉತ್ತರ ಕೊಟ್ಟರು. ನಾನು ಡೇವಿಸ್ ಅವರ ಕಡೆ. ದಾಖಲೆ ಬರೆದವರು ಜಡ್ಜ್‌ಗಳು, ಗಂಡಸರು. 'ಹೆಂಗಸರು ಬೇಗ ಮೋಸ ಹೋಗುತ್ತಾರೆ' ಎಂದು ಅವರು ಮೊದಲೇ ನಂಬಿದ್ದರು. ಆ ನಂಬಿಕೆಯೇ ಬೆರ್ತ್ರಾಂದ್‌ಳ ಜೀವ ಉಳಿಸಿತು ಎಂಬುದು ಬೇರೆ ಮಾತು.

ಜಗಳ ಶುರುವಾದದ್ದು ಜಮೀನಿನಿಂದ. ಮೂರು ವರ್ಷ ಸಂಸಾರ ಚೆನ್ನಾಗಿತ್ತು. ಇಬ್ಬರು ಹೆಣ್ಣು ಮಕ್ಕಳಾದರು, ಒಂದು ಉಳಿಯಿತು. ಹೊಸ ಮಾರ್ತಾಂ ಕೆಲವು ಜಮೀನು ಮಾರಿದ, ಕೆಲವನ್ನು ಗೇಣಿಗೆ ಕೊಟ್ಟ. ಪಿತ್ರಾರ್ಜಿತ ಜಮೀನನ್ನು ಮುಟ್ಟಬಾರದು ಎಂಬ ಬಾಸ್ಕ್ ಪದ್ಧತಿಯಲ್ಲಿ ಬೆಳೆದ ಪಿಯೇರ್‌ಗೆ ಇದನ್ನು ಸಹಿಸಲಾಗಲಿಲ್ಲ. ಆಮೇಲೆ ಹೊಸ ಮಾರ್ತಾಂ ಇನ್ನೊಂದು ಹೆಜ್ಜೆ ಮುಂದೆ ಹೋದ. ನಾನಿಲ್ಲದ ಎಂಟು ವರ್ಷದ ಬೆಳೆಯ ಲೆಕ್ಕ ಕೊಡು ಎಂದು ಚಿಕ್ಕಪ್ಪನನ್ನು ಕೇಳಿದ. ಕೊಡದಿದ್ದಾಗ ಕೋರ್ಟಿಗೆ ಹೋದ. ಅಲ್ಲಿಂದ ಪಿಯೇರ್‌ಗೆ ಇವನು ತನ್ನ ಅಣ್ಣನ ಮಗನೇ ಅಲ್ಲ ಎನ್ನುವುದು ಸ್ಪಷ್ಟವಾಗಿ ಕಾಣತೊಡಗಿತು.

ಪಿಯೇರ್‌ನನ್ನು ಬರೀ ದುರಾಸೆಯ ಮುದುಕ ಅಂದುಕೊಳ್ಳಬೇಡಿ. ಅವನು ಹೇಳಿದ್ದು ನಿಜ. ಕಾರಣ ಆಸ್ತಿ ಇರಬಹುದು, ಆದರೂ ಮಾತು ನಿಜ. ಸಿನಿಮಾದಲ್ಲಿ ನಮ್ಮ ಮನಸ್ಸು ಸುಳ್ಳುಗಾರನ ಕಡೆ ಇರುತ್ತದೆ, ನಿಜ ಹೇಳುವವನನ್ನು ಕಂಡರೆ ಕೋಪ ಬರುತ್ತದೆ. ಇದು ಪ್ರತಿ ಸಲವೂ ನನ್ನನ್ನು ಕಾಡುತ್ತದೆ.

ಇನ್ನು ಕಾಲಿನ ವಿಷಯಕ್ಕೆ ಮತ್ತೆ ಬರಬೇಕು. ಬೇರೊಂದು ಕೇಸಿನಲ್ಲಿ ಹೊಸ ಮಾರ್ತಾಂ ಕೆಲವು ದಿನ ಜೈಲಿನಲ್ಲಿದ್ದ. ಬಿಡುಗಡೆಯಾಗಿ ಮನೆಗೆ ಬಂದ ದಿನ ಬೆರ್ತ್ರಾಂದ್ ಅವನಿಗೆ ಬಿಳಿ ಅಂಗಿ ಕೊಟ್ಟಳು, ಅವನ ಕಾಲು ತೊಳೆದಳು. ಮರುದಿನ ಬೆಳಗಾಗುವ ಮೊದಲೇ ಪಿಯೇರ್ ಮತ್ತು ಅವನ ಅಳಿಯಂದಿರು ಆಯುಧ ಹಿಡಿದು ಬಂದು, ಬೆರ್ತ್ರಾಂದ್‌ಳ ಹೆಸರಿನಲ್ಲೇ ಅವನನ್ನು ಹಿಡಿದರು. ತೊಳೆದ ಆ ಕಾಲು ಒಂಬತ್ತರ ಅಳತೆಯದು ಎಂದು ಮೋಚಿಗಿಂತ ಮೊದಲೇ ಅವಳಿಗೆ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಕೇಸ್ ಮೊದಲು ರಿಯೂ ಎಂಬಲ್ಲಿ ನಡೆಯಿತು. ಸುಮಾರು ನೂರ ಐವತ್ತು ಜನ ಸಾಕ್ಷಿ ಹೇಳಿದರು. ಇವನು ಆರ್ನೊ ಎಂದವರು ನಲವತ್ತೈದರಷ್ಟು, ಮಾರ್ತಾಂನೇ ಎಂದವರು ಮೂವತ್ತು ನಲವತ್ತು. ಅರವತ್ತರಷ್ಟು ಜನ ನಮಗೆ ಗೊತ್ತಾಗುವುದಿಲ್ಲ ಎಂದುಬಿಟ್ಟರು. ಆ ಅರವತ್ತು ಜನರ ಬಗ್ಗೆ ನನಗೆ ಬಹಳ ಗೌರವ. ಅಲ್ಲಿ ಮರಣದಂಡನೆ ಆಯಿತು. ಅಪೀಲು ತುಲೂಸ್‌ನ ಪಾರ್ಲಮೆಂಟಿಗೆ ಹೋಯಿತು. ಪಾರ್ಲಮೆಂಟ್ ಎಂದರೆ ಅಲ್ಲಿ ಹೈಕೋರ್ಟ್ ಇದ್ದಂತೆ. ಕೊರಾಸ್ ಎಲ್ಲರನ್ನೂ ಮತ್ತೆ ವಿಚಾರಿಸಿದ. ಆರೋಪಿಯ ನೆನಪಿಗೆ, ಮಾತಿಗೆ ಮಾರುಹೋದ. ಇವನೇ ಮಾರ್ತಾಂ ಎಂದು ತೀರ್ಪು ಕೊಡಲು ಕೋರ್ಟು ಇನ್ನೇನು ತಯಾರಾಗಿತ್ತು.

ಆಗ ಮರದ ಕಾಲು ಹಾಕಿಕೊಂಡ ಒಬ್ಬ ಮನುಷ್ಯ ಕೋರ್ಟಿಗೆ ಬಂದ.

ಊರು ಬಿಟ್ಟ ಮಾರ್ತಾಂ ಸ್ಪೇನಿಗೆ ಹೋಗಿ ಬುರ್ಗೋಸ್‌ನಲ್ಲಿ ಒಬ್ಬ ಕಾರ್ಡಿನಲ್, ಅಂದರೆ ಕ್ಯಾಥೊಲಿಕ್ ಚರ್ಚಿನ ದೊಡ್ಡ ಗುರುವಿನ, ಮನೆಯಲ್ಲಿ ಆಳಾಗಿದ್ದ. ಆಮೇಲೆ ಸ್ಪೇನಿನ ಸೈನ್ಯ ಸೇರಿದ. 1557ರ ಸಾಂ ಕಾಂತಾಂ ಯುದ್ಧದಲ್ಲಿ ತನ್ನದೇ ದೇಶದ ಎದುರು ಪಕ್ಷದಲ್ಲಿ ಹೋರಾಡಿ ಒಂದು ಕಾಲು ಕಳೆದುಕೊಂಡ. ಒಬ್ಬನ ಕಾಲು ಅಳತೆಗೆ ಸರಿಯಿಲ್ಲ, ಇನ್ನೊಬ್ಬನಿಗೆ ಅಳೆಯಲು ಒಂದು ಕಾಲೇ ಇಲ್ಲ. ವಿಚಿತ್ರ ಎಂದರೆ, ಹಳೆಯ ವಿಷಯ ಕೇಳಿದಾಗ ನಿಜವಾದ ಮಾರ್ತಾಂಗಿಂತ ಆರ್ನೊನೇ ಚೆನ್ನಾಗಿ ಉತ್ತರ ಕೊಟ್ಟ. ಬದುಕಿದವನಿಗೆ ಮರೆತುಹೋಗಿತ್ತು. ಕಲಿತವನಿಗೆ ಎಲ್ಲ ನೆನಪಿತ್ತು.

ಕೊನೆಗೆ ಚಿಕ್ಕಪ್ಪ, ತಂಗಿಯರು ಒಬ್ಬೊಬ್ಬರಾಗಿ ಮರದ ಕಾಲಿನವನನ್ನು ಗುರುತಿಸಿದರು. ಬೆರ್ತ್ರಾಂದ್ ನಡುಗುತ್ತಾ ಬಂದು ಅವನನ್ನು ತಬ್ಬಿಕೊಂಡು ಕ್ಷಮೆ ಕೇಳಿದಳು. ಅವನ ಮುಖದಲ್ಲಿ ಕರುಣೆ ಕಾಣಲಿಲ್ಲ. ಚಿಕ್ಕಪ್ಪನ, ತಂಗಿಯರ ನೆವ ಹೇಳಬೇಡ, ಗಂಡನನ್ನು ಹೆಂಡತಿಗಿಂತ ಚೆನ್ನಾಗಿ ಯಾರು ಬಲ್ಲರು ಎಂಬ ಅರ್ಥದ ಮಾತಾಡಿ ಎಲ್ಲ ತಪ್ಪನ್ನೂ ಅವಳ ಮೇಲೆ ಹಾಕಿದ. ಹನ್ನೆರಡು ವರ್ಷ ಹೇಳದೆ ಕೇಳದೆ ಹೋಗಿದ್ದವನು ಇವನೇ. ಈ ದೃಶ್ಯ ಬಂದಾಗ ಪ್ರತಿ ಸಲ ನನ್ನ ಹೊಟ್ಟೆ ಉರಿಯುತ್ತದೆ.

ಇದನ್ನೆಲ್ಲ ಸಿನಿಮಾ ಹೇಗೆ ತೋರಿಸುತ್ತದೆ ಎಂಬುದರ ಬಗ್ಗೆ ಒಂದೆರಡು ಮಾತು. ಮನೆಯೊಳಗೆ ಬೆಳಕು ಕಮ್ಮಿ. ಒಲೆಯ ಬೆಂಕಿ, ಚಿಕ್ಕ ಕಿಟಕಿ, ಅಷ್ಟೇ. ಜನ, ದನ, ಮಕ್ಕಳು, ಹೊಗೆ ಎಲ್ಲ ಒಂದೇ ಕಡೆ. ಇದೇ ವರ್ಷಗಳಲ್ಲಿ ಬ್ರೂಗಲ್ ಎಂಬ ಚಿತ್ರಕಾರ ರೈತರ ಮದುವೆ, ಕುಣಿತ, ಸುಗ್ಗಿಯ ಚಿತ್ರ ಬರೆಯುತ್ತಿದ್ದ. ಆ ಬಣ್ಣಗಳೇ ಇಲ್ಲಿ ಮೈಮೇಲಿನ ಉಡುಪಾಗಿ ಬಂದಿವೆ ಅನ್ನಿಸುತ್ತದೆ. ಉಡುಪು ಮಾಡಿದ ಆನ್-ಮರೀ ಮಾರ್ಶಾಂ ಅವರಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಒಗೆದು ಇಸ್ತ್ರಿ ಮಾಡಿದ ಹಳ್ಳಿ ಬಟ್ಟೆ ಇಲ್ಲಿ ಒಂದೂ ಇಲ್ಲ. ಎಲ್ಲವೂ ಉಟ್ಟು, ಬೆವೆತು, ತೇಪೆ ಹಾಕಿದ ಬಟ್ಟೆ. ಫ್ರಾನ್ಸಿನ ಸೆಸಾರ್ ಪ್ರಶಸ್ತಿಗಳಲ್ಲಿ ಚಿತ್ರಕಥೆ, ಕಲಾ ನಿರ್ದೇಶನ, ಮಿಶೆಲ್ ಪೋರ್ತಾಲ್ ಅವರ ಸಂಗೀತ, ಈ ಮೂರಕ್ಕೂ ಗೌರವ ಬಂತು. 1993ರಲ್ಲಿ ಹಾಲಿವುಡ್ ಇದೇ ಕಥೆಯನ್ನು ಅಮೆರಿಕದ ಅಂತರ್ಯುದ್ಧ ಮುಗಿದ ಕಾಲಕ್ಕೆ ಎತ್ತಿಕೊಂಡು ಹೋಗಿ ಇನ್ನೊಂದು ಸಿನಿಮಾ ಮಾಡಿತು. ಅಲ್ಲಿ ಪ್ರೀತಿ ಇದೆ, ಊರು ಇಲ್ಲ.

ಮಾಂಟೇನ್ ಎಂಬ ಆ ಕಾಲದ ಫ್ರೆಂಚ್ ಪ್ರಬಂಧಕಾರ ಈ ಕೇಸಿನ ಬಗ್ಗೆ ಬರೆದಿದ್ದಾನೆ. ಆ ಪ್ರಬಂಧದ ಹೆಸರೇ 'ಕುಂಟರ ಬಗ್ಗೆ'. ಇಷ್ಟು ಗೋಜಲಿನ ವಿಷಯದಲ್ಲಿ ಒಬ್ಬನನ್ನು ಗಲ್ಲಿಗೆ ಹಾಕಿದ್ದು ಬಹಳ ಧೈರ್ಯದ ಮಾತಾಯಿತು, ನಮಗೆ ಇದು ಅರ್ಥವಾಗುತ್ತಿಲ್ಲ ಎಂದು ಕೋರ್ಟು ಹೇಳಬಹುದಿತ್ತಲ್ಲ ಎಂದು ಅವನ ಅಭಿಪ್ರಾಯ. ಆ ಅರವತ್ತು ಹಳ್ಳಿಯವರು ಹೇಳಿದ್ದೂ ಅದನ್ನೇ ಅಲ್ವಾ? ಕೊರಾಸ್‌ನ ಗತಿಯೂ ಸುಖವಾಗಲಿಲ್ಲ. ಅವನು ಪ್ರಾಟೆಸ್ಟಂಟ್ ಆಗಿದ್ದ. 1572ರಲ್ಲಿ ಫ್ರಾನ್ಸಿನಲ್ಲಿ ಪ್ರಾಟೆಸ್ಟಂಟರ ಕೊಲೆಗಳು ನಡೆದಾಗ, ತಾನು ತೀರ್ಪು ಕೊಡುತ್ತಿದ್ದ ತುಲೂಸ್‌ನಲ್ಲೇ ಅವನನ್ನೂ ಕೊಂದರು.

1560ರ ಸೆಪ್ಟೆಂಬರ್ 12ರಂದು ತೀರ್ಪು ಬಂತು. ಬೆರ್ತ್ರಾಂದ್‌ಗೆ ಶಿಕ್ಷೆ ಇಲ್ಲ. ಅವಳು ನಂಬಿ ಮೋಸ ಹೋದವಳು ಎಂದು ಕೋರ್ಟು ಒಪ್ಪಿತು. ಆರ್ನೊನಿಂದ ಹುಟ್ಟಿದ ಮಗಳು ಬೆರ್ನಾರ್ದ್ ಹಾದರದ ಕೂಸಲ್ಲ, ಆರ್ನೊನ ಸ್ವಂತ ಆಸ್ತಿ ಅವಳಿಗೇ ಸೇರಬೇಕು ಎಂದಿತು. ನಾಲ್ಕು ದಿನದ ನಂತರ ಆರ್ನೊನನ್ನು ಆರ್ತಿಗಾಕ್ಕೆ ಕರೆತಂದರು. ಒಂದು ಅಂಗಿ, ಬರಿಗಾಲು, ಕೈಯಲ್ಲಿ ಉರಿಯುವ ಪಂಜು. ಚರ್ಚಿನ ಮುಂದೆ ಮಂಡಿಯೂರಿ ಎಲ್ಲರ ಕ್ಷಮೆ ಕೇಳಿದ. ಕೊರಳಿಗೆ ಹಗ್ಗ ಹಾಕಿ ಊರೆಲ್ಲ ನಡೆಸಿ, ಮಾರ್ತಾಂ ಗೆರ್‌ನ ಮನೆಯ ಎದುರಿಗೇ ಗಲ್ಲಿಗೇರಿಸಿದರು. ಅವನು ಮೂರು ವರ್ಷ ಯಜಮಾನನಾಗಿ ಓಡಾಡಿದ ಬಾಗಿಲು ಅದು. ಬೆರ್ತ್ರಾಂದ್ ಇರಬೇಕಾದದ್ದೂ ಅದೇ ಮನೆಯಲ್ಲಿ.

ಅದು ಸೆಪ್ಟೆಂಬರ್ ತಿಂಗಳು. ಅವಳು ಬಳುವಳಿಯಾಗಿ ತಂದಿದ್ದ ತೋಟದಲ್ಲಿ ದ್ರಾಕ್ಷಿ ಹಣ್ಣಾಗುವ ಹೊತ್ತು.